‘ನೀವೇ ಬರ್ಕಂಬುಡಿ’ ಎಂದವರು, ಇನ್ನೊಂದು ಸಲ ಕೇಳಿದವಳು

ಮೂವತ್ತು ವರ್ಷಕ್ಕೂ ಮೇಲೆ ನಾನು ಒಂದು ಜಿಲ್ಲಾ ದಿನಪತ್ರಿಕೆಗೆ ಮಧುಗಿರಿಯ ವರದಿಗಾರನಾಗಿದ್ದೆ. ಬಡ್ತಿಯ ವಿಷಯ ಬರೆಯೋಣವೆಂದರೆ ನನಗೆ ಬಡ್ತಿಯೇ ಸಿಗಲಿಲ್ಲ. ತಾಲ್ಲೂಕು ವರದಿಗಾರನಾಗಿ ಸೇರಿದೆ, ತಾಲ್ಲೂಕು ವರದಿಗಾರನಾಗಿಯೇ ಮನೆಗೆ ಬಂದೆ. ನಡುವೆ ಕೊರಟಗೆರೆಯನ್ನೂ ನನಗೇ ವಹಿಸಿದರು. ಶಿರಾ, ಪಾವಗಡದಲ್ಲಿ ಆಳಿಲ್ಲದಾಗ ಅವನ್ನೂ ನೋಡಿಕೋ ಎಂದರು. ಹೆಚ್ಚಿದ್ದು ಬಸ್ ಪ್ರಯಾಣ ಮಾತ್ರ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಮಕ್ಕಳು ಆಗಾಗ ಮನೆಗೆ ಬಂದು, ರಾಜಕಾರಣಿಗಳ ಸಂದರ್ಶನ ಮಾಡುವುದು ಹೇಗೆ ಸಾರ್ ಎಂದು ಕೇಳುತ್ತಾರೆ. ನಾನು ಮಾಡಿದ ಹಾಗೆ ಮಾಡಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೇಗೆ ಮಾಡಬೇಕೆಂಬುದನ್ನು ಶಿರಾದ ಒಂದು ಹಾಸಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಶಬಾನಾ ಎಂಬ ಹೆಣ್ಣುಮಗಳು ತೋರಿಸಿಕೊಡುತ್ತಿದ್ದಾಳೆ. ಅವಳು ಯಾವ ಪತ್ರಿಕೆಗೂ ಸೇರಿದವಳಲ್ಲ, ಯಾವ ಚಾನೆಲ್ಲಿಗೂ ಸೇರಿದವಳಲ್ಲ. ಅವಳ ಪಾಡ್‌ಕಾಸ್ಟಿನ ಹೆಸರು ‘ಇನ್ನೊಂದ್ಸಲ ಕೇಳ್ತೀನಿ’. ಅವಳ ಕತೆಗೆ ಬರುವ ಮೊದಲು ನಮ್ಮ ಕಾಲದ ಪದ್ಧತಿ ಹೇಗಿತ್ತೆಂದು ಹೇಳಿಬಿಡುತ್ತೇನೆ.

ಚುನಾವಣೆ ಬಂತೆಂದರೆ ದಿನಕ್ಕೊಂದು ಸಂದರ್ಶನ ಕಳಿಸಬೇಕು. ಮುಖಂಡರು ಪ್ರವಾಸಿ ಮಂದಿರದಲ್ಲಿ ಮಂಚದ ಮೇಲೆ ಕೂತಿರುತ್ತಿದ್ದರು, ಸುತ್ತ ಹತ್ತಾರು ಜನ. ನಾನು ನೋಟ್‌ಬುಕ್ ತೆಗೆದ ಕೂಡಲೇ ಅವರು ನಗುತ್ತಿದ್ದರು.

“ಅದೇನ್ ಕೇಳ್ತೀರ ಬುಡಿ ಸಿದ್ಲಿಂಗಣ್ಣ. ನಾನೇನ್ ಹೇಳ್ತೀನಿ ಅಂತ ನಿಮ್ಗೆ ಗೊತ್ತಿಲ್ವಾ? ನೀವೇ ಚೆಂದಾಗಿ ಬರ್ಕಂಬುಡಿ. ಈಗ ಕಾಫಿ ಕುಡೀರಿ.”

ಕಾಫಿ ಕುಡಿದು ಮನೆಗೆ ಬಂದು ಬರೆಯುತ್ತಿದ್ದೆ. ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ಮೂರು ಪಕ್ಷದ ನಾಯಕರೂ ನಮ್ಮ ಪತ್ರಿಕೆಯಲ್ಲಿ ಒಂದೇ ಥರದ ಕನ್ನಡ ಮಾತಾಡುತ್ತಿದ್ದರು, ಏಕೆಂದರೆ ಅದು ನನ್ನ ಕನ್ನಡ. ಇದು ತಪ್ಪು ಎಂದು ನಮಗ್ಯಾರಿಗೂ ಅನ್ನಿಸುತ್ತಿರಲಿಲ್ಲ. ಅಪರೂಪಕ್ಕೆ ಯಾರಾದರೂ ಕೂತು ನಿಜವಾಗಿ ಉತ್ತರ ಕೊಡಲು ಶುರುಮಾಡಿದರೆ, ಇವರದ್ದು ಯಾವಾಗ ಮುಗಿಯುತ್ತದಪ್ಪಾ ಎಂದು ಒಳಗೊಳಗೇ ಒದ್ದಾಡುತ್ತಿದ್ದೆವು.

ಬರೆದದ್ದನ್ನು ಕಂದು ಬಣ್ಣದ ಕವರಿಗೆ ಹಾಕಿ ತುಮಕೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಅಲ್ಲಿ ನಮ್ಮ ಕಚೇರಿಯವರು ಬಂದು ಇಸಿದುಕೊಳ್ಳುವುದು. ಬಸ್ಸು ದಾರಿಯಲ್ಲಿ ಪಂಕ್ಚರ್ ಆದರೆ ಆ ದಿನ ಮಧುಗಿರಿಯಲ್ಲಿ ಏನೂ ನಡೆದಿಲ್ಲವೆಂದೇ ಲೆಕ್ಕ. ಆಮೇಲೆ ಫ್ಯಾಕ್ಸ್ ಬಂತು, ಈಮೇಲ್ ಬಂತು, ಕೊನೆಗೆ ವಾಟ್ಸಾಪೂ ಬಂತು. ಸುದ್ದಿ ಹೋಗುವ ದಾರಿಯೆಲ್ಲ ಬದಲಾಯಿತು, ‘ಬರ್ಕಂಬುಡಿ’ ಮಾತ್ರ ಹಾಗೇ ಉಳಿಯಿತು.

ಒಂದು ಸಲ ಈ ಪದ್ಧತಿ ನನ್ನನ್ನು ಚೆನ್ನಾಗಿ ಕುಣಿಸಿತು. ಕೊರಟಗೆರೆಯ ಒಬ್ಬ ಮುಖಂಡರ ಸಂದರ್ಶನವನ್ನು ಬೆಳಿಗ್ಗೆಯೇ ಬರೆದು, ‘ಉಸಿರಿರುವವರೆಗೂ ಈ ಪಕ್ಷ ಬಿಡುವುದಿಲ್ಲ’ ಎಂದು ಅವರ ಬಾಯಲ್ಲಿ ಹೇಳಿಸಿ ಬಸ್ಸಿಗೆ ಹಾಕಿದೆ. ಅವರು ಮಧ್ಯಾಹ್ನ ತುಮಕೂರಿಗೆ ಹೋಗಿ ಬೇರೆ ಪಕ್ಷ ಸೇರಿಬಿಟ್ಟರು. ಮಾರನೆಯ ದಿನ ನಮ್ಮ ಪತ್ರಿಕೆಯ ಮೇಲುಭಾಗದಲ್ಲಿ ಹೊಸ ಪಕ್ಷದ ಶಾಲು ಹೊದ್ದ ಅವರ ಫೋಟೋ, ಅದೇ ಪುಟದ ಕೆಳಗೆ ಉಸಿರಿನ ಮಾತು. ಮನೆ ಬಾಗಿಲು ಹಾಕಿಕೊಂಡು ಕೂತಿದ್ದೆ. ಪಕ್ಕದ ಅಂಗಡಿಗೆ ಅವರ ಫೋನ್ ಬಂತು. ಬೈಗುಳಕ್ಕೆ ತಯಾರಾಗಿ ಹೋಗಿ ಎತ್ತಿಕೊಂಡೆ.

“ಸಿದ್ಲಿಂಗಣ್ಣ, ಮಾತೆಲ್ಲ ಚೆಂದಾಗೈತೆ. ಪಕ್ಷದ ಹೆಸ್ರೊಂದ್ ತೆಗ್ದು ಈ ಹೆಸ್ರು ಹಾಕಿ, ನಾಳೆ ಅದ್ನೇ ಇನ್ನೊಂದ್ ಕಿತ ಬುಡಿ” ಎಂದರು.

ಅವರು ಬೈಯಲಿಲ್ಲ, ಬೈದವರು ಶ್ರೀನಿವಾಸರಾಯರು. ತುಮಕೂರಿನಲ್ಲಿ ಕೂತು ನಮ್ಮನ್ನೆಲ್ಲ ನೋಡಿಕೊಳ್ಳುತ್ತಿದ್ದ ಮುಖ್ಯ ವರದಿಗಾರರು ಅವರು. ಬೆಳ್ಳಗಿನ ಪಂಚೆ, ಜೇಬಿನಲ್ಲಿ ಕೆಂಪು ಪೆನ್ನು. ನಾವು ‘ಧೀಮಂತ’, ‘ಜನಪ್ರಿಯ’ ಎಂದೆಲ್ಲ ಬರೆದರೆ ಕೆಂಪು ಪೆನ್ನಿನಿಂದ ಹೊಡೆದು, ಪಕ್ಕದಲ್ಲಿ ‘ಯಾರು ಹೇಳಿದರು?’ ಎಂದು ಬರೆದು ವಾಪಸು ಕಳಿಸುತ್ತಿದ್ದರು. ಅವತ್ತು ನನ್ನನ್ನು ಕರೆಸಿ, ನಿಲ್ಲಿಸಿಯೇ ಮಾತಾಡಿದರು.

“ಅವರು ಏನಂದ್ರೋ ಅದನ್ನ ಬರೀಯಯ್ಯ. ಏನನ್ನಬೇಕಿತ್ತೋ ಅದನ್ನ ಬರೆಯೋದಾದ್ರೆ ಅವರ ಹತ್ರಾನೇ ಕೆಲಸಕ್ಕೆ ಸೇರ್ಕೋ.”

ಆಗಲಿ ಸಾರ್ ಎಂದು ತಲೆಯಾಡಿಸಿ ಬಂದೆ. ಎರಡು ಮೂರು ತಿಂಗಳು ನೆಟ್ಟಗಿದ್ದೆ. ಆಮೇಲೆ ಅದೇ ಚಾಳಿ.

ಆಮೇಲಿನದ್ದೇ ಈ ಬರಹದ ಮುಖ್ಯ ಸಂಗತಿ. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಚನ್ನರಾಯನದುರ್ಗದ ಆಚೆ ಹಳ್ಳವೊಂದನ್ನು ದಾಟಿದರೆ ಒಂದು ಹಟ್ಟಿ. ಮಳೆ ಬಂದರೆ ಹಳ್ಳ ತುಂಬಿ ಹಟ್ಟಿಯ ಮಕ್ಕಳಿಗೆ ಸ್ಕೂಲಿಲ್ಲ. ಅದನ್ನು ನೋಡಿ ಬರೆಯಲೆಂದು ಹೋದಾಗ ಹನುಮಕ್ಕ ಎಂಬಾಕೆ ನನ್ನ ಕೈ ಹಿಡಿದು ಹಳ್ಳ ದಾಟಿಸಿದಳು. ನಡುನೀರಿನಲ್ಲಿ ನನ್ನ ಎಡಗಾಲಿನ ಚಪ್ಪಲಿ ತೇಲಿಹೋಯಿತು. ನಾನು ಅದರ ಹಿಂದೆ ನೋಡುತ್ತಾ ನಿಂತೆ.

“ಚಪ್ಲಿ ತಾನೆ, ಹೋಗ್ಲಿ ಬನ್ನಿ ಸಾಮಿ” ಎಂದಳು ಹನುಮಕ್ಕ. “ಮಕ್ಳು ದಾಟ್ಬೇಕಾರೆ ನಾನು ದಡದಾಗೆ ಎಣಿಸ್ಕಂಡ್ ನಿಂತಿರ್ತೀನಿ.”

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಮಾರನೆಯ ದಿನ ಆ ಭಾಗದಿಂದ ಜಿಲ್ಲಾ ಪಂಚಾಯ್ತಿಗೆ ನಿಂತಿದ್ದ ಮುಖಂಡರ ಸಂದರ್ಶನ. ಹೆಸರು ಬೇಡ, ಯಜಮಾನರು ಎನ್ನೋಣ. ಹಳ್ಳಕ್ಕೆ ಸೇತುವೆ ಯಾವಾಗ ಎಂದು ಕೇಳಿದೆ. ಅವರು ಎಂದಿನಂತೆ, “ನೀವೇ ಬರ್ಕಂಬುಡಿ” ಎಂದರು. ನಾನು ಬರೆದುಕೊಂಡೆ. ಅವರು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗನ್ನಿಸಿತೋ ಅದನ್ನೇ ಬರೆದೆ:

‘ಆ ಹಳ್ಳವನ್ನು ನಾನು ಒಂದು ಸಲವೂ ದಾಟಿಲ್ಲ. ನನಗೆ ನಾಚಿಕೆಯಾಗುತ್ತದೆ. ಗೆದ್ದರೆ ಮೊದಲ ಕೆಲಸ ಆ ಸೇತುವೆ. ಅದಾಗುವವರೆಗೆ ಆ ಹಟ್ಟಿಗೆ ಹೋಗಿ ಮತ್ತೆ ಓಟು ಕೇಳುವ ಮುಖ ನನಗಿಲ್ಲ.’

ಶ್ರೀನಿವಾಸರಾಯರು ಓದಿ ತಕ್ಷಣ ಫೋನ್ ಮಾಡಿದರು. “ಇದನ್ನ ಅವರೇ ಅಂದ್ರೇನಯ್ಯ?”

“ಹೌದು ಸಾರ್” ಎಂದೆ.

“ಹಾಗಾದ್ರೆ ಒಳ್ಳೇ ಕೆಲಸ ಮಾಡಿದ್ದೀಯ” ಎಂದರು. ಅವರ ಬಾಯಿಂದ ನನಗೆ ಸಿಕ್ಕ ಏಕೈಕ ಹೊಗಳಿಕೆ ಅದು. ಈಗ ಅವರಿಲ್ಲ.

ಆ ಸಂದರ್ಶನ ಊರೂರು ಸುತ್ತಿತು. ಬಡವನಹಳ್ಳಿಯ ಒಂದು ಹೋಟೆಲ್ಲಿನಲ್ಲಿ ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ಹಟ್ಟಿಯವರು ಒಟ್ಟಾಗಿ ಓಟು ಹಾಕಿದರು, ಯಜಮಾನರು ಗೆದ್ದರು. ಮಧುಗಿರಿಯಲ್ಲಿ ನನಗೆ ಶಾಲು ಹೊದಿಸಿ, ‘ರಾಜಕಾರಣಿಯ ಬಾಯಿಂದ ಸತ್ಯ ಹೊರಡಿಸಿದ ಪತ್ರಕರ್ತ’ ಎಂದು ಭಾಷಣ ಮಾಡಿದರು. ಯಜಮಾನರು ಆ ಮಾತನ್ನು ಒಂದು ರೀತಿಯಲ್ಲಿ ಉಳಿಸಿಕೊಂಡರು. ಸೇತುವೆಯನ್ನೂ ಮಾಡಲಿಲ್ಲ, ಹಟ್ಟಿ ಕಡೆ ತಲೆಯನ್ನೂ ಹಾಕಲಿಲ್ಲ. ಹನುಮಕ್ಕ ಪೇಪರಿನ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು, ಸೇತುವೆಗೆ ಅರ್ಜಿ ಕೊಡುತ್ತಾ ವರ್ಷಗಟ್ಟಲೆ ಕಚೇರಿಗಳಿಗೆ ಅಲೆದಳು. ಅದನ್ನು ತೋರಿಸಿದಾಗಲೆಲ್ಲ ಯಜಮಾನರು, “ನಾನೆಲ್ಲಿ ಹೇಳ್ದೆ? ಪೇಪರ್‌ನೋರು ಬರ್ಕಂಡಿದ್ದು” ಎನ್ನುತ್ತಿದ್ದರು. ಜನ ನಕ್ಕು, ಹೇಳಿದ ಮಾತಿಗೆ ತಪ್ಪುವವನು ಎಂದು ಅವರನ್ನೇ ಬೈಯುತ್ತಿದ್ದರು. ಅವರು ತಮ್ಮ ಇಡೀ ರಾಜಕೀಯದಲ್ಲಿ ಹೇಳಿದ ಒಂದು ಅಪ್ಪಟ ನಿಜವನ್ನು ಯಾರೂ ನಂಬಲಿಲ್ಲ. ನಂಬಿಸಬಹುದಾಗಿದ್ದ ಒಬ್ಬನೇ ಒಬ್ಬ ಶಾಲು ಮಡಿಸಿ ಬೀರುವಿನಲ್ಲಿಟ್ಟು ಸುಮ್ಮನಿದ್ದ.

ಈಗ ಶಬಾನಾಳ ವಿಷಯ. ಈಚೆಗೆ ಒಂದು ದಿನ ನನ್ನ ಹೆಂಡತಿ ಗಿರಿಜಾ ಹಜಾರದಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಮೊಬೈಲಿನಲ್ಲಿ ಏನೋ ಕೇಳುತ್ತಿದ್ದಳು. ಪಾವಗಡ ಕಡೆಯ ಒಬ್ಬ ಮುಖಂಡರು ಸೋಲಾರ್ ಪಾರ್ಕಿನಿಂದ ಆದ ಅಭಿವೃದ್ಧಿಯ ಬಗ್ಗೆ ಮಾತಾಡುತ್ತಿದ್ದರು. ನಡುವೆ ಒಂದು ಹೆಣ್ಣುದನಿ, “ಸರ್, ಜಮೀನು ಕೊಟ್ಟೋರಿಗೆ ಬಾಡಿಗೆ ಬರುತ್ತೆ, ಸರಿ. ವಳ್ಳೂರಲ್ಲಿ ಜಮೀನೇ ಇಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡ್ತಿದ್ದೋರು ಈಗ ಏನ್ ಮಾಡ್ತಿದ್ದಾರೆ?” ಎಂದು ಕೇಳಿತು. ಅವರು ರಸ್ತೆಯ ಬಗ್ಗೆ ಹೇಳಿದರು. “ಸರ್, ನನ್ನ ಪ್ರಶ್ನೆ ಅದಲ್ಲ. ಇನ್ನೊಂದ್ಸಲ ಕೇಳ್ತೀನಿ” ಎಂದಳು. ಅವರು ಶಾಲೆ ಕಟ್ಟಡದ ಬಗ್ಗೆ ಹೇಳಿದರು. ಅವಳು ಅದೇ ದನಿಯಲ್ಲಿ, ಒಂದಿಷ್ಟೂ ಏರಿಸದೆ, ಮೂರನೆಯ ಸಲ ಕೇಳಿದಳು.

“ಏಮಮ್ಮಾ, ವದಲವಾ ನುವ್ವು?” ಎಂದು ಅವರು ತೆಲುಗಿನಲ್ಲಿ ನಕ್ಕರು, ನನ್ನನ್ನು ಬಿಡುವುದೇ ಇಲ್ಲವಾ ಎಂದು. ಅವಳೂ ನಕ್ಕು ಸುಮ್ಮನಾದಳು. ಆ ಸುಮ್ಮನಿರುವಿಕೆ ಮುಗಿಯಲೇ ಇಲ್ಲ. ದೂರದಲ್ಲಿ ಯಾರೋ ಹತ್ತಿ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ನಾನು ಉಸಿರು ಎಣಿಸುತ್ತಾ ಕೂತೆ. ಹನ್ನೊಂದನೆಯ ಉಸಿರಿಗೆ ಅವರು, “ಗೊತ್ತಿಲ್ಲ ಕಣಮ್ಮ. ಹೋಗಿ ಕೇಳಿಲ್ಲ” ಎಂದರು.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಮೂವತ್ತು ವರ್ಷದಲ್ಲಿ ಒಬ್ಬ ರಾಜಕಾರಣಿಯ ಬಾಯಿಂದ ‘ಗೊತ್ತಿಲ್ಲ’ ಎಂಬ ಪದ ನನಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದರೂ ಅದನ್ನು ಹೊಡೆದುಹಾಕಿ ಇನ್ನೇನೋ ಬರೆಯುತ್ತಿದ್ದೆ.

“ಏನ್ರೀ, ಯಾಕೆ ಎದ್ರಿ?” ಎಂದಳು ಗಿರಿಜಾ.

“ಶಿರಾಗೆ ಹೋಗಿ ಈ ಹುಡುಗೀನ ನೋಡ್ಬೇಕು ಕಣೇ” ಎಂದೆ. ಅಲ್ಲಿಂದ ಒಂದು ವಾರ ಅವಳ ಹಳೆಯ ಸಂಚಿಕೆಗಳನ್ನೆಲ್ಲ ಕೇಳಿದೆ. ನನಗೆ ಹೊಟ್ಟೆಕಿಚ್ಚಾಗಬೇಕಿತ್ತು, ಖುಷಿಯಾಯಿತು. ಅವಳು ಯಾರನ್ನೂ ಗದರುವುದಿಲ್ಲ, ಯಾರ ಮಾತನ್ನೂ ಕತ್ತರಿಸುವುದಿಲ್ಲ. ಮೊದಲು ಊರಿಗೆ ಹೋಗಿ ನೋಡಿಬಂದಿರುತ್ತಾಳೆ, ಆಮೇಲೆ ಕೇಳುತ್ತಾಳೆ, ಆಮೇಲೆ ಕಾಯುತ್ತಾಳೆ. ಆ ಕಾಯುವುದು ಇದೆಯಲ್ಲ, ಅದು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ.

ವಾರ ಕಳೆದು ಶಿರಾಗೆ ಹೋದಾಗ ಅಂಗಡಿಯಲ್ಲಿ ಅವಳ ತಂದೆ ಅನ್ವರ್ ಸಾಬರು ಹಾಸಿಗೆ ಹೊಲಿಯುತ್ತಿದ್ದರು. “ಆಯಿಯೇ ಸಾಬ್, ಕೂತ್ಕಳಿ. ಶಬಾನಾ, ಚಾಯ್ ಲಾ ಬೇಟಾ” ಎಂದು ಕೂಗಿದರು. ಹಿಂದಿನ ಕೋಣೆಯ ನಾಲ್ಕು ಗೋಡೆಗೂ ಹತ್ತಿ ಹಾಸಿಗೆಗಳನ್ನು ನಿಲ್ಲಿಸಿದ್ದಾರೆ, ದನಿ ಗುಯ್ಯೆನ್ನದ ಹಾಗೆ. ಎರಡು ಕುರ್ಚಿ, ಎರಡು ಮೈಕು, ಒಂದು ಮೊಬೈಲು. ಬಿಳಿ ಖಾದಿ ತೊಟ್ಟು ಬಂದ ದೊಡ್ಡವರೆಲ್ಲ ವಾಪಸು ಹೋಗುವಾಗ ಬೆನ್ನ ತುಂಬ ಹತ್ತಿ ಮೆತ್ತಿಕೊಂಡು ಹೋಗುತ್ತಾರಂತೆ. “ಬ್ರಷ್ ಇಟ್ಟಿದೀನಿ, ಕೇಳ್ದೋರಿಗೆ ಕೊಡ್ತೀನಿ” ಎಂದರು ಸಾಬರು.

ನನ್ನ ಹೆಸರು ಕೇಳಿದ್ದೇ ಶಬಾನಾ ಕಣ್ಣರಳಿಸಿದಳು. ಒಳಗೆ ಹೋಗಿ ಒಂದು ಫೈಲು ತಂದಳು. ಅದರಲ್ಲಿ ಹಳದಿಗಟ್ಟಿದ ಪೇಪರಿನ ತುಂಡು. ನನ್ನದೇ ಸಂದರ್ಶನ.

“ನಮ್ಮ ಅಬ್ಬಾ ದಿಂಬು ಸುತ್ತಿ ಕೊಡೋಕೆ ಹಳೇ ಪೇಪರ್ ತರೋರು. ಸ್ಕೂಲಲ್ಲಿದ್ದಾಗ ಅದರಲ್ಲಿ ಓದಿದ್ದು ಸರ್. ಪ್ರಶ್ನೆ ಕೇಳಿ ಒಬ್ಬರ ಬಾಯಿಂದ ಇಂಥ ಮಾತು ತರಿಸಬಹುದಾ ಅಂತ ಆಶ್ಚರ್ಯ ಆಗಿತ್ತು. ನಾನು ಈ ಕೆಲಸಕ್ಕೆ ಬಂದಿದ್ದೇ ಇದನ್ನ ಓದಿ.”

ನಾನು ಟೀ ಜೊತೆ ಬಂದಿದ್ದ ಬಿಸ್ಕತ್ತಿಗೆ ಕೈ ಹಾಕಿದೆ. ಅವಳು ಮುಂದುವರಿಸಿದಳು. ಯಜಮಾನರು ಮುಂದಿನ ವಾರ ಮೈಕಿನ ಮುಂದೆ ಕೂರಲು ಒಪ್ಪಿದ್ದಾರೆ. ಇದೇ ತುಂಡನ್ನು ಅವರ ಮುಂದಿಟ್ಟು ಸೇತುವೆ ಎಲ್ಲಿ ಎಂದು ಕೇಳುತ್ತಾಳೆ. ಅದಕ್ಕೆ ಮೊದಲು ನಾನು ಬಂದು, ಆ ಮಾತು ಅವರ ಬಾಯಿಂದ ಹೇಗೆ ಬಂತೆಂದು ಹೇಳಬೇಕು. ನಾನು ಆಗಲಿ ಎಂದೆ. ಇನ್ನೊಂದು ಬಿಸ್ಕತ್ತು ತಿಂದು ಬಸ್ ಹತ್ತಿದೆ.

“ನಿಜ ಹೇಳಿದ್ರಾ?” ಎಂದಳು ಗಿರಿಜಾ. ಅವಳಿಗೆ ಮೊದಲಿಂದಲೂ ಎಲ್ಲ ಗೊತ್ತು.

“ಟೀ ಕುಡ್ದೆ.”

“ಅವ್ಳು ಆ ಪೇಪರ್ ತೋರಿಸ್ತಾಳೆ, ಅವ್ರು ನಾನ್ ಹೇಳಿಲ್ಲ ಅಂತಾರೆ. ಅವ್ರು ಹೇಳೋದೇ ನಿಜ. ಆಮೇಲೆ ಅವ್ಳ ಮಾತನ್ನ ಯಾರ್ ನಂಬ್ತಾರೆ?” ಎಂದು ಮತ್ತೆ ಹುಣಸೆಹಣ್ಣಿನ ಕಡೆ ತಿರುಗಿದಳು.

ಅದೇ ನನ್ನನ್ನು ಕೊರೆಯುತ್ತಿದ್ದದ್ದು. ಆ ಹುಡುಗಿಯ ಹತ್ತಿರ ಪ್ರೆಸ್ಸಿಲ್ಲ, ಮಾಲೀಕರಿಲ್ಲ. ಕೇಳುವವರ ನಂಬಿಕೆಯೊಂದೇ ಅವಳ ಆಸ್ತಿ. ಅದನ್ನು ನನ್ನ ಸುಳ್ಳಿನ ಮೇಲೆ ನಿಲ್ಲಿಸಿ ಸುಮ್ಮನಿದ್ದರೆ ನನ್ನಂಥ ನೀಚ ಇನ್ನೊಬ್ಬನಿಲ್ಲ. ಹೇಳಿದರೆ ಶಾಲು ಹೋಗುತ್ತದೆ, ಅವಳ ಕಣ್ಣಿನ ಗೌರವವೂ ಹೋಗುತ್ತದೆ. ನಿಜ ಹೇಳಬೇಕೆಂದರೆ ನನಗೆ ಶಾಲಿಗಿಂತ ಆ ಗೌರವದ್ದೇ ಚಿಂತೆಯಾಗಿತ್ತು.

ರೆಕಾರ್ಡಿಂಗ್ ದಿನ ಹಾಸಿಗೆಗಳ ನಡುವೆ ಕೂತೆ. ಮೊದಲು ಬಸ್ಸಿನ ಕವರಿನ ಕತೆ, ಉಸಿರಿನ ಕತೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ತುಂಡನ್ನು ಮುಂದಿಟ್ಟಳು.

“ಸರ್, ಈ ಮಾತು ಅವರು ಎಲ್ಲಿ, ಹೆಂಗೆ ಹೇಳಿದ್ರು?”

“ಅದು ಆ ಕಾಲ ಕಣಮ್ಮ. ಆಗಿನ ಪತ್ರಿಕಾವೃತ್ತಿಯೇ ಬೇರೆ” ಎಂದು ಶುರುಮಾಡಿ, ಜನಸೇವೆ, ಜವಾಬ್ದಾರಿ ಎಂದೆಲ್ಲ ಒಂದು ಸುತ್ತು ಬಂದೆ. ಮಾತಾಡುತ್ತಾ ಮಾತಾಡುತ್ತಾ ನನಗೇ ಗೊತ್ತಾಯಿತು, ನಾನು ರಸ್ತೆ ಮತ್ತು ಶಾಲೆ ಕಟ್ಟಡದ ಬಗ್ಗೆ ಹೇಳುತ್ತಿದ್ದೇನೆ.

“ಸರ್, ನನ್ನ ಪ್ರಶ್ನೆ ಅದಲ್ಲ. ಇನ್ನೊಂದ್ಸಲ ಕೇಳ್ತೀನಿ. ಈ ಮಾತು ಅವರು ಎಲ್ಲಿ ಹೇಳಿದ್ರು?”

ಆಮೇಲೆ ಸುಮ್ಮನಾದಳು. ಆಚೆ ಅನ್ವರ್ ಸಾಬರು ಹತ್ತಿ ಬಡಿಯುತ್ತಿದ್ದರು. ನಾನು ಹನ್ನೊಂದನ್ನು ಮುಟ್ಟಲಿಲ್ಲ, ಆರಕ್ಕೇ ಸೋತೆ.

“ಹೇಳ್ಲಿಲ್ಲ ಕಣಮ್ಮ. ನಾನೇ ಬರ್ಕಂಡೆ.”

ಅವಳ ಮುಖ ಇಳಿಯಿತು. ಅದನ್ನು ನೋಡುವುದು ಕಷ್ಟವಾಯಿತು. ಆದರೂ ಬಿಡದೆ, “ಯಾಕೆ ಬರೆದ್ರಿ?” ಎಂದಳು. ಹಳ್ಳ, ಚಪ್ಪಲಿ, ದಡದಲ್ಲಿ ಮಕ್ಕಳನ್ನು ಎಣಿಸುತ್ತಾ ನಿಲ್ಲುವ ಹನುಮಕ್ಕ, ರಾಯರಿಗೆ ಹೇಳಿದ ಸುಳ್ಳು, ಎಲ್ಲ ಹೇಳಿದೆ. ಮುಗಿದ ಮೇಲೆ ಅವಳು ತುಂಡನ್ನು ಮತ್ತೆ ಫೈಲಿಗೆ ಸೇರಿಸಿದಳು. ಹರಿದುಹಾಕು ಎಂದೆ. “ಇರ್ಲಿ ಸರ್. ಇದನ್ನ ಓದಿ ಬಂದೆ ಅನ್ನೋದು ಸುಳ್ಳಲ್ವಲ್ಲ” ಎಂದಳು. ಹೊರಡುವಾಗ ನನ್ನ ಬೆನ್ನಿನ ಹತ್ತಿಯನ್ನು ಅವಳೇ ಬ್ರಷ್ಷಿನಿಂದ ತೆಗೆದಳು. ಬಸ್ಸಿನಲ್ಲಿ ನನಗೆ ಅಳು ಬಂತು, ಹಗುರವೂ ಆಯಿತು.

ಸಂಚಿಕೆ ಬಂದ ದಿನವೇ ಯಜಮಾನರ ಫೋನ್. ಅವರಿಗೂ ಈಗ ವಯಸ್ಸಾಗಿದೆ. “ಸಿದ್ಲಿಂಗಣ್ಣ, ಇಷ್ಟ್ ವರ್ಷ ಆದ್ಮೇಲಾದ್ರೂ ನಾನೂ ಒಂದ್ ಕಿತ ನಿಜ ಹೇಳಿದ್ದೆ ಅಂತ ಊರಿಗೆ ಗೊತ್ತಾಯ್ತು” ಎಂದು ನಕ್ಕರು. ಮುಂದಿನ ವಾರ ಅವರು ಗೆದ್ದ ಠೀವಿಯಲ್ಲೇ ಶಿರಾಗೆ ಹೋದರು. ಶಬಾನಾ ಪೇಪರಿನ ತುಂಡನ್ನು ಹೊರಗೆ ತೆಗೆಯಲೇ ಇಲ್ಲ. “ನೀವು ಆ ಮಾತು ಹೇಳಿರಲಿಲ್ಲ, ಒಪ್ತೀನಿ. ಸೇತುವೆ ಬೇಕು ಅಂತ ನಿಮಗೆ ಗೊತ್ತಿತ್ತಾ?” ಎಂದಳು. ಮೂರು ಸಲ ಕೇಳಿದಳು. ಆ ಉತ್ತರವನ್ನು ನೀವೇ ಕೇಳಿ, ನಾನು ಇಲ್ಲಿ ಬರೆದರೆ ಮತ್ತೆ ನನ್ನ ಕನ್ನಡವಾಗಿಬಿಡುತ್ತದೆ.

ನಾನು ಹೆದರಿದ್ದು ಇನ್ನೊಂದು ಫೋನಿಗೆ. ಅದೂ ಬಂತು. ಹನುಮಕ್ಕ ಮೊಮ್ಮಗಳ ಮೊಬೈಲಿನಲ್ಲಿ ಎಲ್ಲವನ್ನೂ ಕೇಳಿದ್ದಳು.

“ತಪ್ಪಾಯ್ತು ಹನುಮಕ್ಕ” ಎಂದೆ. “ನಿನ್ನ ಇಷ್ಟ್ ವರ್ಷ ಸುಮ್ನೆ ಅಲೆಸ್ಬುಟ್ಟೆ.”

“ಅದ್ಕೆ ಆಮ್ಯಾಕೆ ಬೈತೀನಿ ಬುಡಿ ಸಾಮಿ” ಎಂದಳು. “ಅಂಗಾರೆ ಸೇತ್ವೆ ಮಾಡುಸ್ತೀನಿ ಅಂತ ಮಾತ್ ಕೊಟ್ಟೋರು ಅವ್ರಲ್ಲ, ನೀವು. ಸೋಮ್ವಾರ ಕೊರಟಗೆರೆಗೆ ಬಂದ್ಬುಡಿ.”

ನಾನು ಹೋದೆ. ಅವಳು ನನ್ನನ್ನು ತಾಲ್ಲೂಕು ಪಂಚಾಯ್ತಿ ಕಚೇರಿಯ ಒಳಗೆ ಕರೆದೊಯ್ದು ಅಲ್ಲಿನ ಸಾಹೇಬರಿಗೆ, “ಮಾತ್ ಕೊಟ್ಟೋರು ಇವ್ರೇ” ಎಂದು ಪರಿಚಯ ಮಾಡಿಸಿದಳು. ಅಲ್ಲಿಂದ ಈಚೆಗೆ ಮೂರು ಸೋಮವಾರ ಹೋಗಿದ್ದೇವೆ. ಮೂರನೆಯ ಸೋಮವಾರ ಸಾಹೇಬರು ಅನುದಾನ, ಕ್ರಿಯಾಯೋಜನೆ, ಮೇಲಿನವರ ಒಪ್ಪಿಗೆ ಎಂದು ಬಹಳ ಹೊತ್ತು ವಿವರಿಸಿದರು. ಹಿಂದಾಗಿದ್ದರೆ ನಾನು ಅದನ್ನೇ ಚೆಂದ ಮಾಡಿ ಬರೆದುಕೊಂಡು ಬರುತ್ತಿದ್ದೆ.

“ಸಾರ್, ನನ್ನ ಪ್ರಶ್ನೆ ಅದಲ್ಲ” ಎಂದೆ. “ಇನ್ನೊಂದ್ಸಲ ಕೇಳ್ತೀನಿ. ಸೇತುವೆ ಅರ್ಜಿ ಈಗ ಯಾರ ಮೇಜಿನ ಮೇಲಿದೆ?”

ನಡುವೆ ಬಾಯಿ ಹಾಕಬೇಡ ಎಂದು ಹನುಮಕ್ಕನಿಗೆ ಬಸ್ಸಿನಲ್ಲೇ ಹೇಳಿಕೊಟ್ಟಿದ್ದೆ. ಅವಳು ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಳು, ನಾನೂ ಕೂತೆ. ಮೇಲೆ ಫ್ಯಾನು ತಿರುಗುತ್ತಿತ್ತು. ಅವಳ ಬೆರಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದುದು ಕಾಣಿಸಿತು. ಎಣಿಸಿಕೊಂಡು ಕಾಯುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎಂಟನೆಯ ಬೆರಳಿಗೆ ಸಾಹೇಬರು ಕನ್ನಡಕ ತೆಗೆದಿಟ್ಟು, ಆ ಫೈಲು ಎಲ್ಲಿದೆ ಹುಡುಕಿ ತನ್ನಿ ಎಂದು ಗುಮಾಸ್ತರನ್ನು ಕರೆದರು.